ನಿಮ್ಮಲ್ಲೆಷ್ಟು ಸೆಂಟ್ ಮಳೆ?

ನಾನು ಕೆಲಸ ಬಿಟ್ಟು ಎರಡು ವರ್ಷವಾಯಿತು. ಕುಶಾಲನಗರದಲ್ಲಿ ನಾನಿದ್ದ ಕಂಪನಿಯ ಯಜಮಾನರು ಬೋಪಣ್ಣ ಕಳೆದ ತಿಂಗಳು ಫೋನು ಮಾಡಿದ್ದರು. "ಶಾರದಾ, ಹೊಸಬರು ನಾಲ್ಕು ಜನ ಸೇರಿದ್ದಾರೆ. ಎಲ್ಲರ ಹತ್ರಾನೂ ಸರ್ಟಿಫಿಕೇಟ್ ಉಂಟು. ಒಬ್ಬರೂ ಒಂದು ತೋಟಕ್ಕೆ ಕಾಲಿಟ್ಟವರಲ್ಲ. ಈ ಕೆಲಸ ಅಂದ್ರೆ ನಿಜವಾಗಿ ಎಂತ ಅಂತ ನೀವೊಂದು ಹತ್ತು ಪುಟ ಬರೆದು ಕೊಡಿ" ಎಂದರು. ನಾನು ಆಗಲಿ ಅನ್ನುವಷ್ಟರಲ್ಲಿ, "ಜಮೀಲಾ ಇದ್ದಿದ್ರೆ ಅವಳಿಗೇ ಹೇಳ್ತಿದ್ದೆ" ಎಂದು ಸೇರಿಸಿದರು.

ಫೋನಿಟ್ಟ ಮೇಲೆ ಆ ಕೊನೆಯ ಮಾತೇ ಕಿವಿಯಲ್ಲಿ ಉಳಿಯಿತು. ಜೊತೆಯಲ್ಲೇ ಕೆಲಸ ಮಾಡಿದ ಜಮೀಲಾ ತೀರಿಕೊಂಡು ಆಗ ನಾಲ್ಕು ತಿಂಗಳಾಗಿತ್ತು. ಅವಳಿಗಾಗಿ ಅತ್ತಿದ್ದೇನೆ, ಈಗಲೂ ಒಮ್ಮೊಮ್ಮೆ ಅಡುಗೆಮನೆಯಲ್ಲಿ ಸುಮ್ಮನೆ ನಿಂತುಬಿಡುತ್ತೇನೆ. ಆದರೆ ಆ ಹೊತ್ತಿಗೆ ನನಗಾದದ್ದು ಹೊಟ್ಟೆಯುರಿ. ಸತ್ತ ಮೇಲೂ ಮೊದಲು ನೆನಪಾಗುವುದು ಅವಳೇ. ಇದನ್ನು ಮುಚ್ಚಿಟ್ಟು ಬರೆದರೆ ಹೊಸಬರಿಗೆ ಏನೂ ಸಿಕ್ಕುವುದಿಲ್ಲ, ಏಕೆಂದರೆ ನಾನು ಕಲಿತದ್ದರಲ್ಲಿ ಹೆಚ್ಚಿನದನ್ನು ಈ ಹೊಟ್ಟೆಯುರಿಯಿಂದಲೇ ಕಲಿತೆ. ಕೆಟ್ಟದ್ದನ್ನು ಮಾಡಿದ್ದೂ ಅದರಿಂದಲೇ.

ನಮ್ಮ ಕೆಲಸಕ್ಕೆ ಈಗ ದೊಡ್ಡ ದೊಡ್ಡ ಹೆಸರುಗಳಿವೆ. ಸರಳವಾಗಿ ಹೇಳಬೇಕೆಂದರೆ, ಫೋನಿನಲ್ಲಿ ಒಂದು ಆಪ್ ತೆರೆದಾಗ ಯಾವುದು ಮೊದಲು ಕಾಣಬೇಕು, ಎಲ್ಲಿ ಒತ್ತಿದರೆ ಏನಾಗಬೇಕು, ಅಲ್ಲಿ ಯಾವ ಮಾತು ಬರೆದಿರಬೇಕು ಎಂದು ಗೊತ್ತುಮಾಡುವ ಕೆಲಸ. ಇದಕ್ಕೆ ನಾನು ಓದಿ ಬಂದವಳಲ್ಲ. ಪಿಯುಸಿ ಮುಗಿಸಿ ಟೈಪಿಂಗ್ ಪರೀಕ್ಷೆ ಪಾಸು ಮಾಡಿಕೊಂಡು ಸೋಮವಾರಪೇಟೆಯ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಡಿಟಿಪಿ ಸೆಂಟರ್ ಸೇರಿದ್ದೆ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ. ಮದುವೆ ಕಾಗದ, ಗೃಹಪ್ರವೇಶದ ಕಾಗದ, ತಿಥಿಯ ಕಾರ್ಡು, ಅಂಗಡಿಗಳ ಬಿಲ್ ಪುಸ್ತಕ. ಆಗಿನ ಅಕ್ಷರಗಳು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋದರೆ ಕನ್ನಡವೆಲ್ಲ ಖಾಲಿ ಚೌಕಗಳಾಗಿಬಿಡುತ್ತಿತ್ತು. ಅದನ್ನು ಸರಿಮಾಡುವುದು ನನಗೊಬ್ಬಳಿಗೇ ಬರುತ್ತಿತ್ತು. ಹೂಬಳ್ಳಿಯ ಅಂಚು ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಆ ಊರಲ್ಲಿ ಇರಲಿಲ್ಲ.

ಜಮೀಲಾ ಅದೇ ಸೆಂಟರಿನ ಕೆಲಸಕ್ಕೆ ಶನಿವಾರಸಂತೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ನನಗಿಂತ ಐದು ವರ್ಷ ಚಿಕ್ಕವಳು, ತಂದೆಗೆ ಅಲ್ಲಿ ದಿನಸಿ ಅಂಗಡಿ. ಸೇರಿ ತಿಂಗಳಾಗಿರಲಿಲ್ಲ, ಗೃಹಪ್ರವೇಶದ ಕಾಗದ ಮಾಡಿಸಲು ಒಬ್ಬ ಮುದುಕರು ಬಂದರು. ನಾನು ಮಾದರಿಗಳ ಆಲ್ಬಮ್ ತೆಗೆಯುತ್ತಿದ್ದೆ. ಅವಳು ಅವರಿಗೆ ಕುರ್ಚಿ ಎಳೆದು ಕೊಟ್ಟು ಕೇಳಿದಳು.

"ತಾತ, ಇದನ್ನ ಓದೋರು ಯಾರು?"

"ಯಾರು ಅಂದ್ರೆ? ನಮ್ಮ ನೆಂಟ್ರು, ನಮ್ಮ ಕೇರಿಯೋರು."

"ಅವ್ರಿಗೆ ಇದ್ರಲ್ಲಿ ಏನು ಬೇಕು?"

ಮುದುಕರು ತಲೆ ಕೆರೆದುಕೊಂಡರು. "ಏನು ಬೇಕು... ಯಾವತ್ತು, ಎಲ್ಲಿ, ಊಟ ಎಷ್ಟೊತ್ತಿಗೆ. ಇನ್ನೇನು?"

ಅವಳು ಆ ಮೂರನ್ನು ದೊಡ್ಡದಾಗಿ ನಡುವೆ ಇಟ್ಟಳು. ಬಂಧುಬಳಗದ ಹೆಸರೆಲ್ಲ ಕೆಳಗೆ ಸಣ್ಣದಾಗಿ ಹೋಯಿತು. ಅಂಚೇ ಇಲ್ಲ. "ನೆಂಟರು ಕೋಪ ಮಾಡ್ಕೊಳ್ತಾರೆ ಕಣೇ" ಎಂದೆ. ಮುದುಕರು ಕಾಗದವನ್ನು ಕೈಚಾಚಿ ದೂರ ಹಿಡಿದು ನೋಡಿ, "ಅಯ್ಯೋ, ಕನ್ನಡಕ ಇಲ್ದೇ ಕಾಣ್ತದಲ್ಲ!" ಎಂದು ಮಕ್ಕಳಂತೆ ನಕ್ಕರು. ಅದಾದ ಮೇಲೆ ಅಂಗಡಿಗೆ ಬಂದವರು ನನ್ನ ಮುಂದೆ ನಿಂತು, "ಆ ಹುಡುಗಿ ಇಲ್ವಾ?" ಎಂದು ಕೇಳಲು ಶುರು ಮಾಡಿದರು.

ನನ್ನ ಕುರ್ಚಿಯನ್ನು ಒಂದು ಗೇಣು ತಿರುಗಿಸಿದರೆ ಅವಳ ಕಂಪ್ಯೂಟರ್ ಕಾಣುತ್ತಿತ್ತು. ನಾನು ತಿರುಗಿಸಿಕೊಂಡೆ. ನನ್ನ ಕೆಲಸ ಮುಗಿದಿದ್ದರೂ ಅವಳದ್ದನ್ನು ನೋಡಿದ ಮೇಲೆ ನನ್ನದನ್ನು ಬಿಚ್ಚಿ ಮತ್ತೆ ಮಾಡುತ್ತಿದ್ದೆ. ಅವಳು ಅಕ್ಷರ ದೊಡ್ಡ ಮಾಡಿದ್ದರೆ ನಾನು ಇನ್ನಷ್ಟು ದೊಡ್ಡ ಮಾಡುತ್ತಿದ್ದೆ. ಅವಳು ಬಣ್ಣ ತೆಗೆದರೆ ನಾನೂ ತೆಗೆಯುತ್ತಿದ್ದೆ. ಇದು ಅವಳಿಗೆ ತಿಳಿದಿಲ್ಲ ಎಂದೇ ಅಂದುಕೊಂಡಿದ್ದೆ.

ಮುಂದೆ ಬೋಪಣ್ಣ ಕುಶಾಲನಗರದಲ್ಲಿ ಕಂಪನಿ ತೆರೆದಾಗ ಇಬ್ಬರೂ ಅಲ್ಲಿಗೆ ಸೇರಿದೆವು. ಮೊದಲು ಹೋಮ್‌ಸ್ಟೇಗಳ ವೆಬ್‌ಸೈಟ್, ಆಮೇಲೆ ಆಪ್‌ಗಳು. ಅವರು ಕೆಲಸಕ್ಕೆ ಕರೆದದ್ದು ಜಮೀಲಾಳನ್ನು, "ಶಾರದಕ್ಕ ಬಂದ್ರೆ ಬರ್ತೀನಿ" ಎಂದು ಅವಳು ಹೇಳಿದ್ದಳು ಎಂಬುದು ನನಗೆ ಗೊತ್ತಾದದ್ದು ಒಂದು ವರ್ಷ ಕಳೆದ ಮೇಲೆ. ಅವಳ ಉಪಕಾರ ನೆನೆದು ಸಂತೋಷಪಡಬೇಕಿತ್ತು. ಮೂರು ದಿನ ಅವಳ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಅಲ್ಲಿ ನನ್ನ ಮೊದಲ ದೊಡ್ಡ ಎಡವಟ್ಟು ಬಸ್ಸಿನ ವೇಳಾಪಟ್ಟಿ. ತಿಂಗಳುಗಟ್ಟಲೆ ಕೂತು ಮಾಡಿದ್ದೆ. ಬಿಳಿ ಹಿನ್ನೆಲೆ, ಅದರ ಮೇಲೆ ತೆಳು ಬೂದು ಬಣ್ಣದ ಅಕ್ಷರ, ಪುಟ್ಟ ಪುಟ್ಟ ಬಸ್ಸಿನ ಚಿತ್ರ. ಆಫೀಸಿನ ಒಳಗೆ ಮುತ್ತಿನ ಹಾಗೆ ಕಾಣುತ್ತಿತ್ತು. ಬೋಪಣ್ಣ ಏನೂ ಹೇಳದೆ ಮಧ್ಯಾಹ್ನ ಹನ್ನೆರಡಕ್ಕೆ ನನ್ನನ್ನು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಬಿಸಿಲಲ್ಲಿ ನಿಲ್ಲಿಸಿದರು.

"ಶನಿವಾರಸಂತೆಗೆ ಎಷ್ಟೊತ್ತಿಗೆ ಬಸ್ ಉಂಟು? ಆಪ್ ನೋಡಿ ಹೇಳಿ."

ನಾನು ಫೋನನ್ನು ಹತ್ತಿರ ಹಿಡಿದೆ, ದೂರ ಹಿಡಿದೆ, ಸೆರಗು ಅಡ್ಡ ಹಿಡಿದೆ. ನನ್ನ ಮುಖವೇ ಕಾಣುತ್ತಿತ್ತು. ಪಕ್ಕದಲ್ಲಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು, "ಏನವ್ವ, ಫೋನಿಗೆ ಬಿಸಿಲು ತಾಗ್ಬಾರ್ದಾ? ಅಗೋ ಅಲ್ಲಿ ನಿಂತದಲ್ಲ ಶನಿವಾರಸಂತೆ ಬಸ್ಸು, ಬೋರ್ಡ್ ನೋಡು" ಎಂದಳು. ಬಸ್ಸಿನ ಹಣೆಯ ಮೇಲೆ ಹಳದಿ ಬಣ್ಣದ ಮೇಲೆ ಕಪ್ಪು ಅಕ್ಷರ, ಒಂದೊಂದೂ ಅಂಗೈಯಷ್ಟು. "ಆ ಬೋರ್ಡ್ ಬರೆದವ ನಿಮಗಿಂತ ಒಳ್ಳೇ ಡಿಸೈನರ್" ಎಂದು ಬೋಪಣ್ಣ ಅಂದರು.

ಆಫೀಸಿನಲ್ಲಿ ಎಲ್ಲರೂ ನಕ್ಕರು. ಜಮೀಲಾ ನಗಲಿಲ್ಲ. ಎದ್ದು ಹೋಗಿ ತನ್ನ ಸ್ಕ್ರೀನ್‌ಗಳನ್ನೆಲ್ಲ ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡಿ, ತನ್ನದರಲ್ಲೂ ಎರಡನ್ನು ತಿದ್ದಿಕೊಂಡಳು. ಅವಳೂ ನಕ್ಕಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ. ಹೊಸಬರೇ, ನೀವು ಮಾಡಿದ್ದನ್ನು ಒಮ್ಮೆ ಬಿಸಿಲಿಗೆ ಹಿಡಿಯಿರಿ. ಒದ್ದೆ ಕೈಯಲ್ಲಿ ಒತ್ತಿ ನೋಡಿ. ಕೊಡೆ ಒಂದು ಕೈಯಲ್ಲಿದ್ದಾಗ ಇನ್ನೊಂದು ಕೈಯ ಹೆಬ್ಬೆರಳಿಗೆ ಎಲ್ಲವೂ ಎಟುಕುತ್ತದೆಯೇ ನೋಡಿ. ಇದನ್ನು ಯಾವ ಕೋರ್ಸಿನಲ್ಲೂ ಹೇಳಿಕೊಡುವುದನ್ನು ನಾನು ಕೇಳಿಲ್ಲ.

ಇನ್ನು ಮಳೆ ಆಪ್‌ನ ಕಥೆ. ನಾನು ಬರೆಯಲು ಕೂತದ್ದೇ ಇದಕ್ಕಾಗಿ.

ನಮ್ಮ ಜಿಲ್ಲೆಯಲ್ಲಿ ಮಳೆ ಬಂತು ಎಂದರೆ ಸಾಲದು, ಎಷ್ಟು ಬಂತು ಎಂದು ಹೇಳಬೇಕು. ಕಾಫಿ ಇರುವವರ ಅಂಗಳದಲ್ಲೆಲ್ಲ ಮಳೆ ಅಳೆಯುವ ಡಬ್ಬಿ ಇರುತ್ತದೆ, ರೈನ್ ಗೇಜ್. ಬೆಳಿಗ್ಗೆ ಅದರಲ್ಲಿ ನಿಂತ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದುತ್ತಾರೆ. ಇಂಚಿನಲ್ಲಿ ನೂರನೇ ಒಂದು ಭಾಗಕ್ಕೆ ಒಂದು ಸೆಂಟ್. ಓದಿದ ಕೂಡಲೇ ಪಕ್ಕದ ತೋಟಕ್ಕೆ ಫೋನು: "ನಿಮ್ಮಲ್ಲೆಷ್ಟು ಸೆಂಟ್?" ಬೇಸಿಗೆಯಲ್ಲಿ ಹೂಮಳೆ ಬೀಳುವ ಹೊತ್ತಿಗೆ ಈ ಪ್ರಶ್ನೆಯಲ್ಲಿ ಇರುವ ಸಂಕಟ ಹೊರಗಿನವರಿಗೆ ಅರ್ಥವಾಗುವುದಿಲ್ಲ. ಒಂದಿಂಚಾದರೂ ಬಿದ್ದರೆ ಕಾಫಿ ಚೆನ್ನಾಗಿ ಹೂ ಬಿಡುತ್ತದೆ. ಅರ್ಧಂಬರ್ಧ ಬಿದ್ದರೆ ಮೊಗ್ಗು ಅರ್ಧ ಬಿರಿದು ಕಂದಿಹೋಗುತ್ತದೆ. ಹಾಗಾಗಬಾರದೆಂದರೆ ಕೂಡಲೇ ಸ್ಪ್ರಿಂಕ್ಲರ್ ಹಾಕಿ ನೀರು ಕೊಡಬೇಕು. ಬೇಲಿಯ ಆಚೆ ಒಂದಿಂಚು ಬಿದ್ದು ಈಚೆ ಇಪ್ಪತ್ತು ಸೆಂಟ್ ಬಿದ್ದರೆ, ಎಂಥ ಒಳ್ಳೆಯವರಿಗೂ ಆ ದಿನ ತಿಂಡಿ ಇಳಿಯುವುದಿಲ್ಲ. ಮಳೆಯ ವಿಷಯದಲ್ಲಿ ಇಡೀ ಜಿಲ್ಲೆಗೇ ಹೊಟ್ಟೆಕಿಚ್ಚು.

ಈ ಅಳತೆಯನ್ನೆಲ್ಲ ಒಂದೇ ಕಡೆ ಹಾಕಿ ಎಲ್ಲರೂ ನೋಡುವಂತೆ ಒಂದು ಆಪ್ ಮಾಡಬೇಕೆಂದು ಬೋಪಣ್ಣ ಹೊರಟರು. ನಾನೊಂದು ಮಾದರಿ ಮಾಡಿದೆ, ಜಮೀಲಾ ಒಂದು. ನನ್ನದರಲ್ಲಿ ಜಿಲ್ಲೆಯ ನಕ್ಷೆ, ಅದರ ಮೇಲೆ ನೀಲಿ ಹನಿಗಳು. ಅವಳದ್ದರಲ್ಲಿ ನಕ್ಷೆಯೇ ಇಲ್ಲ. ತೆರೆದ ಕೂಡಲೇ ಗಾಜಿನ ಲೋಟದ ಚಿತ್ರ; ನೀರನ್ನು ಬೆರಳಿನಿಂದ ಮೇಲೆ ಕೆಳಗೆ ಎಳೆದರೆ ಪಕ್ಕದಲ್ಲಿ ಇಂಚು, ಸೆಂಟ್ ಬರುತ್ತಿತ್ತು. ಕೆಳಗೆ ಅಕ್ಕಪಕ್ಕದ ತೋಟಗಳ ಪಟ್ಟಿ.

ಒಂದು ಸಣ್ಣ ವಿಷಯಕ್ಕೆ ಇಬ್ಬರಿಗೂ ಜಗಳವಾಯಿತು. ಯಾರಾದರೂ ಅವತ್ತಿನ ಮಳೆ ಬರೆಯದಿದ್ದರೆ ಅವರ ಹೆಸರಿನ ಮುಂದೆ ಏನು ಕಾಣಬೇಕು? ನಾನು ಸೊನ್ನೆ ಎಂದೆ.

"ಸೊನ್ನೆ ಅಂದ್ರೆ ಮಳೆ ಬಂದಿಲ್ಲ ಅಂತ ಅಲ್ವಾ ಶಾರದಕ್ಕ" ಎಂದಳು ಅವಳು. "ಅವ್ರು ಎದ್ದು, ಡಬ್ಬಿ ನೋಡಿ, ಒಣಗಿದೆ ಅಂತ ಹೇಳಿದ ಹಾಗೆ. ಇವ್ರು ಏನೂ ಹೇಳೇ ಇಲ್ವಲ್ಲ."

"ಹಾಗಾದ್ರೆ ಖಾಲಿ ಬಿಡು."

"ಖಾಲಿ ಬಿಟ್ರೆ ಆಪ್ ಕೆಟ್ಟಿದೆ ಅಂತಾರೆ. ಇನ್ನೂ ಬರೆದಿಲ್ಲ ಅಂತ ಹಾಕೋಣ."

"ಅಷ್ಟುದ್ದ ಯಾರು ಓದ್ತಾರೆ?"

"ಕಾಯ್ತಾ ಇರೋರು ಓದ್ತಾರೆ" ಎಂದು ಅವಳು ತನ್ನ ಪಾಡಿಗೆ ಹಾಗೇ ಹಾಕಿದಳು.

ಎಂಟು ಜನ ಬೆಳೆಗಾರರನ್ನು ಕರೆಸಿ ಎರಡನ್ನೂ ತೋರಿಸಿದರು. ಎಂಟೂ ಜನ ಅವಳದ್ದೇ ಸಾಕು ಎಂದರು. ನಕ್ಷೆಯನ್ನು ಯಾರೂ ಮುಟ್ಟಲೂ ಇಲ್ಲ. ಒಬ್ಬರಂತೂ ನನ್ನ ಹನಿಗಳನ್ನು ನೋಡಿ, "ಇದೆಂತ, ಜಿಲ್ಲೆಗೆ ಸಿಡುಬು ಬಂದ ಹಾಗೆ ಉಂಟು" ಎಂದು ಹೇಳಿ ಎಲ್ಲರನ್ನೂ ನಗಿಸಿದರು.

ಆಪ್ ಬಿಡುಗಡೆ ಮಾಡುವ ಮುನ್ನಾದಿನ ಬೋಪಣ್ಣ ಎಲ್ಲರನ್ನೂ ಕೂರಿಸಿ ಅವಳ ಸ್ಕ್ರೀನ್‌ಗಳನ್ನು ಗೋಡೆಯ ಮೇಲೆ ಹಾಕಿಸಿದರು. ನಾನು ಮೊದಲ ನೋಟಕ್ಕೇ ತಪ್ಪು ಕಂಡೆ. ಬೆಳಿಗ್ಗೆ ಬರೆದ ಮಳೆಗೆ ಆಪ್ ಅದೇ ದಿನದ ತಾರೀಕು ಹಾಕುತ್ತಿತ್ತು. ನನ್ನ ಅಪ್ಪ ಇಪ್ಪತ್ತು ವರ್ಷ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ತೋಟದ ಲೆಕ್ಕ, ಹಾಜರಿ ಜೊತೆಗೆ ಮಳೆ ಪುಸ್ತಕ ಬರೆಯುವುದೂ ಅವರ ಕೆಲಸ. ಬೆಳಿಗ್ಗೆ ಅಳೆದದ್ದು ನಿನ್ನೆಯ ಮಳೆ ಎಂದು ಅವರು ಹಿಂದಿನ ದಿನದ ಸಾಲಿಗೇ ಬರೆಯುತ್ತಿದ್ದರು. ಬೇರೆ ಕೆಲವು ತೋಟಗಳಲ್ಲಿ ಅಳೆದ ದಿನದ ಸಾಲಿಗೆ ಬರೆಯುತ್ತಿದ್ದರು. ಅಪ್ಪನ ಅಭ್ಯಾಸದವರು ಆಪ್‌ನಲ್ಲಿ ತಾರೀಕನ್ನು ಹಿಂದಕ್ಕೆ ತಿರುಗಿಸಿ ಬರೆಯುತ್ತಾರೆ, ಉಳಿದವರು ಹಾಗೇ ಬಿಡುತ್ತಾರೆ, ಒಂದೇ ಮಳೆ ಎರಡು ದಿನ ಬಿದ್ದಂತೆ ಕಾಣುತ್ತದೆ. ದಿನಸಿ ಅಂಗಡಿಯ ಮನೆಯಲ್ಲಿ ಬೆಳೆದ ಜಮೀಲಾಗೆ ಇದು ತಿಳಿಯುವ ಸಂಭವವೇ ಇರಲಿಲ್ಲ.

ಬೋಪಣ್ಣ ನನ್ನ ಕಡೆ ತಿರುಗಿದರು. "ಶಾರದಾ, ನಿಮ್ಮ ತಂದೆ ರೈಟರ್ ಆಗಿದ್ರಲ್ವಾ? ಏನಾದ್ರೂ ಬಿಟ್ಟುಹೋಗಿದ್ಯಾ ನೋಡಿ."

ಜಮೀಲಾ ಪೆನ್ನು ಹಿಡಿದು ನನ್ನನ್ನೇ ನೋಡುತ್ತಿದ್ದಳು, ಏನು ಹೇಳಿದರೂ ಬರೆದುಕೊಳ್ಳಲು ಸಿದ್ಧವಾಗಿ.

"ಎಲ್ಲಾ ಸರಿ ಇದೆ ಸರ್" ಎಂದೆ.

ಇಷ್ಟೇ ನಾನು ಮಾಡಿದ್ದು. ಯಾರಾದರೂ ಒಬ್ಬ ರೈಟರ್ ಎರಡು ದಿನದಲ್ಲಿ ಫೋನು ಮಾಡಿ ಬೈಯುತ್ತಾನೆ, ಅವಳ ಮುಖ ಒಂದು ಸಲ ಸಣ್ಣದಾಗುತ್ತದೆ, ಆಮೇಲೆ ತಿದ್ದಿಕೊಳ್ಳುತ್ತಾಳೆ ಎಂದು ನನ್ನ ಲೆಕ್ಕಾಚಾರ. ಅದು ಮಳೆಯಿಲ್ಲದ ಕಾಲ. ಯಾರೂ ಫೋನು ಮಾಡಲಿಲ್ಲ. ಹೇಳಲು ನನಗೆ ಎರಡು ತಿಂಗಳ ಸಮಯವಿತ್ತು. ನಾನೂ ಹೇಳಲಿಲ್ಲ.

ಮಾರ್ಚ್‌ನಲ್ಲಿ ಹೂಮಳೆ ಬಿತ್ತು. ಅದಾಗಿ ಎರಡು ವಾರಕ್ಕೆ ಮೂರ್ನಾಡು ಕಡೆಯ ಕುಶಾಲಪ್ಪ ಎಂಬ ಬೆಳೆಗಾರರು ಆಫೀಸಿಗೆ ಬಂದರು. ಎಂಟು ಜನರಲ್ಲಿ ಅವರೂ ಒಬ್ಬರು. ಮನೆಯಿಂದ ದೂರದಲ್ಲಿ ಅವರಿಗೆ ಇನ್ನೊಂದು ನಾಲ್ಕೆಕರೆ ತೋಟವಿತ್ತು, ಅಲ್ಲಿ ಗೇಜ್ ಇರಲಿಲ್ಲ. ಆ ತೋಟದ ಅಕ್ಕಪಕ್ಕದವರು ಆಪ್‌ನಲ್ಲಿ ಬರೆದದ್ದನ್ನು ಅವರು ನೋಡಿದ್ದರು. ಒಬ್ಬರು ಮಂಗಳವಾರ ಐವತ್ತೈದು ಸೆಂಟ್ ಎಂದು ಬರೆದಿದ್ದರು, ಇನ್ನೊಬ್ಬರು ಬುಧವಾರ ಅರವತ್ತು ಸೆಂಟ್. ಎರಡು ದಿನ ಸೇರಿ ಒಂದಿಂಚು ದಾಟಿತು, ಸಾಕು ಎಂದು ಕುಶಾಲಪ್ಪ ತಮ್ಮ ಸ್ಪ್ರಿಂಕ್ಲರ್ ಪಂಪನ್ನು ಭಾವನಿಗೆ ಕೊಟ್ಟು ಕಳಿಸಿದ್ದರು. ನಿಜಕ್ಕೂ ಬಿದ್ದದ್ದು ಒಂದೇ ಮಳೆ, ಒಂದೇ ರಾತ್ರಿ.

ಅವರು ಬೈಯಲಿಲ್ಲ. ಜೇಬಿನಿಂದ ಕರವಸ್ತ್ರ ತೆಗೆದು ಮೇಜಿನ ಮೇಲೆ ಬಿಡಿಸಿದರು. ಒಳಗೆ ಒಂದು ಕಾಫಿ ಕಡ್ಡಿ, ಅದರ ತುಂಬ ಅರ್ಧ ಬಿರಿದು ಕಂದಿದ ಮೊಗ್ಗು.

"ನಾಲ್ಕೆಕರೆನೂ ಹೀಗೇ ಉಂಟು" ಎಂದರು. "ಮುಂದಿನ ವರ್ಷದ ಬೆಳೆ ಇದು. ಯಾರದ್ದು ತಪ್ಪು ಅಂತ ಕೇಳ್ಲಿಕ್ಕೆ ಬಂದದ್ದಲ್ಲ. ಇನ್ನೊಬ್ಬರಿಗೆ ಹೀಗಾಗೋದು ಬೇಡ ಅಂತ ಬಂದೆ."

ಜಮೀಲಾ ಎದ್ದು ನಿಂತಳು. "ತಪ್ಪು ನಂದು ಅಂಕಲ್. ಆ ಸ್ಕ್ರೀನ್ ಮಾಡಿದ್ದು ನಾನು."

"ಕೂತ್ಕೊಳ್ಳಮ್ಮ. ನಿಂಗೆ ಹೇಳಿಕೊಟ್ಟವ್ರು ಯಾರೂ ಇರ್ಲಿಲ್ಲ, ಅಲ್ವಾ?"

ನಾನು ಅವಳ ಪಕ್ಕದ ಕುರ್ಚಿಯಲ್ಲೇ ಇದ್ದೆ.

ಅಂದಿನಿಂದ ಒಂದು ತಿಂಗಳು ಜಮೀಲಾ ಆಫೀಸಿನಲ್ಲಿ ಕೂತದ್ದೇ ಕಡಿಮೆ. ನೋಟ್‌ಬುಕ್ ಹಿಡಿದು ಬಸ್ಸಿನಲ್ಲಿ, ಜೀಪಿನಲ್ಲಿ, ನಡೆದು, ಆಪ್ ಹಾಕಿಕೊಂಡಿದ್ದ ಒಂದೊಂದು ತೋಟಕ್ಕೂ ಹೋದಳು. ಬೆಳಿಗ್ಗೆ ಗೇಜ್ ತೆಗೆಯುವ ಹೊತ್ತಿಗೇ ಹೋಗಿ ನಿಲ್ಲುತ್ತಿದ್ದಳಂತೆ. ಕ್ಷಮೆ ಕೇಳುವುದು, ಅವರು ಹೇಗೆ ಬರೆಯುತ್ತಾರೆ ನೋಡುವುದು, ಬರೆದುಕೊಳ್ಳುವುದು. ಹೋದ ಮನೆಯವರೆಲ್ಲ ಅವಳ ಕೈಗೆ ಬಾಳೆಗೊನೆಯೋ ಕಾಳುಮೆಣಸೋ ಕೊಟ್ಟು ಕಳಿಸುತ್ತಿದ್ದರು. ಅವಳ ಮುಖ ಸಣ್ಣದಾಗಲಿ ಎಂದು ನಾನು ಸುಮ್ಮನಿದ್ದೆ. ಆದದ್ದು ನೋಡಿದರೆ, ಆ ತಿಂಗಳ ಕೊನೆಗೆ ಅವಳನ್ನು ಹೆಸರು ಹಿಡಿದು ಕರೆಯದ ತೋಟವೇ ಈ ಕಡೆ ಉಳಿಯಲಿಲ್ಲ. ನನಗೆ ಅದಕ್ಕೂ ಹೊಟ್ಟೆ ಉರಿಯಿತು.

ವಾಪಸು ಬಂದು ಅವಳು ಎರಡು ಬದಲಾವಣೆ ಮಾಡಿದಳು. ತಾರೀಕನ್ನು ತೆಗೆದು, "ನಿನ್ನೆ ಬೆಳಿಗ್ಗೆಯಿಂದ ಇವತ್ತು ಬೆಳಿಗ್ಗೆವರೆಗೆ" ಎಂದು ಬರೆದಳು. ಆಮೇಲೆ ತಪ್ಪಿಗೆ ಜಾಗವೇ ಇರಲಿಲ್ಲ. ಎರಡನೆಯದನ್ನು ಯಾರೂ ಕೇಳಿರಲಿಲ್ಲ. ನಿಮ್ಮ ಮಳೆ ಬರೆಯುವವರೆಗೆ ಬೇರೆಯವರ ಮಳೆ ಕಾಣಬಾರದು, ಬರೆದ ಮೇಲೆ ಅದನ್ನು ತಿದ್ದಲು ಬರಬಾರದು.

"ಇದ್ಯಾಕೆ?" ಎಂದರು ಬೋಪಣ್ಣ.

"ಸರ್, ನಂಗೊಬ್ರು ಗೊತ್ತು" ಎಂದಳು. "ಪಕ್ಕದವರದ್ದು ನೋಡಿದ್ಮೇಲೆ ತಮ್ಮದು ಸಾಲ್ದು ಅನ್ಸತ್ತೆ ಅವ್ರಿಗೆ. ಸರಿಯಾಗಿದ್ದಿದ್ದನ್ನೂ ತಿದ್ತಾರೆ. ಮೊದ್ಲು ಅವ್ರದ್ದು ಬರೀಲಿ. ಅವ್ರದ್ದು ಚೆನ್ನಾಗೇ ಇರತ್ತೆ."

"ಯಾವ ತೋಟದವ್ರು ಮಾರಾಯ್ತಿ ಅದು?" ಎಂದು ಬೋಪಣ್ಣ ನಕ್ಕರು. ಎಲ್ಲರೂ ನಕ್ಕರು, ಒಬ್ಬೊಬ್ಬರು ಒಂದೊಂದು ತೋಟದ ಹೆಸರು ಹೇಳಿದರು. ನಾನೂ ನಕ್ಕು ಒಂದು ಹೆಸರು ಹೇಳಿದೆ.

ಆ ಸ್ಕ್ರೀನ್ ಬಹಳ ಹೆಸರು ಮಾಡಿತು. ಬೇರೆ ಜಿಲ್ಲೆಯವರು ಬಂದು ನೋಡಿಕೊಂಡು ಹೋದರು. ನಾನು ಅವಳ ಪಕ್ಕದಲ್ಲೇ ಕೂತು ಇನ್ನೂ ಹಲವು ವರ್ಷ ಕೆಲಸ ಮಾಡಿದೆ. ಮೊದಲು ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು, ಆ ಕಾಗದವನ್ನೇ ಜನರ ಕೈಗೆ ಕೊಟ್ಟು, ಎಲ್ಲಿ ಒತ್ತುತ್ತೀರಿ ತೋರಿಸಿ ಎನ್ನುತ್ತಿದ್ದೆವು. ಆಮೇಲೆ ಅದಕ್ಕೇ ಬೇರೆ ಬೇರೆ ಸಾಫ್ಟ್‌ವೇರ್ ಬಂದವು. ಈಗ ಒಂದು ವಾಕ್ಯ ಬರೆದರೆ ಯಂತ್ರವೇ ಹತ್ತು ಸ್ಕ್ರೀನ್ ಮಾಡಿಕೊಡುತ್ತದಂತೆ. ಒಳ್ಳೆಯದೇ. ಆದರೆ ಬೆಳಿಗ್ಗೆ ಗೇಜ್ ತೆಗೆಯುವ ಹೊತ್ತಿಗೆ ಅಂಗಳದಲ್ಲಿ ಹೋಗಿ ನಿಲ್ಲುವವರು ಯಾರು ಎಂದು ಹೊಸಬರು ಯೋಚನೆ ಮಾಡಬೇಕು.

ನಿವೃತ್ತಿಯಾದ ಮೇಲೆ ನಾನು ಸೋಮವಾರಪೇಟೆಯ ಮನೆಯ ಹಿತ್ತಲಿನಲ್ಲಿ ಒಂದು ಗೇಜ್ ಇಟ್ಟೆ. ಜಮೀಲಾ ಶನಿವಾರಸಂತೆಯ ತನ್ನ ಅಂಗಳದಲ್ಲಿ ಮೊದಲೇ ಇಟ್ಟಿದ್ದಳು, ಅವಳ ಮನೆಯಲ್ಲಿ ಒಂದು ಕಾಫಿ ಗಿಡವೂ ಇರಲಿಲ್ಲ. ದಿನಾ ಬೆಳಿಗ್ಗೆ ನನ್ನದು ಬರೆದು, ಕೂಡಲೇ ಅವಳದ್ದು ನೋಡುವುದು ಅಭ್ಯಾಸವಾಯಿತು. ಮಳೆಯನ್ನು ಅವಳು ಮಾಡಿದ್ದಲ್ಲ ಎಂದು ಗೊತ್ತಿದ್ದೂ, ಅವಳಲ್ಲಿ ಜಾಸ್ತಿ ಬಿದ್ದ ದಿನ ನನಗೆ ಒಂಥರಾ ಆಗುತ್ತಿತ್ತು. ಕಳೆದ ಅಕ್ಟೋಬರ್‌ನಲ್ಲಿ ಅವಳಿಗೆ ಕಾಯಿಲೆ ಜೋರಾಯಿತು. ಆಸ್ಪತ್ರೆಗೆ ನಾಲ್ಕು ಸಲ ಹೋಗಿ ಕೂತು ಬಂದೆ. ಪ್ರತಿ ಸಲವೂ ತಾರೀಕಿನ ಆ ಮಾತು ಹೇಳಬೇಕೆಂದೇ ಬಸ್ಸು ಹತ್ತಿದೆ. ಹೇಳದೆ ಬಂದೆ. ನವೆಂಬರ್‌ನಲ್ಲಿ ಹೋಗಿಬಿಟ್ಟಳು. ಮಾರನೆಯ ದಿನದಿಂದ ಅವಳ ಹೆಸರಿನ ಮುಂದೆ ಅವಳೇ ಇಟ್ಟ ಮಾತು ಕಾಣತೊಡಗಿತು. ಇನ್ನೂ ಬರೆದಿಲ್ಲ.

ನಲವತ್ತು ದಿನ ಕಳೆದ ಮೇಲೆ ಅವಳ ಗಂಡ ಬಶೀರ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಕಟ್ಟು ಕಳಿಸಿದರು. ಆಫೀಸಿನ ಕಾಗದಗಳು, ನಿಮಗೆ ಉಪಯೋಗಕ್ಕೆ ಬರಬಹುದು ಎಂದು ಚೀಟಿ. ಒಳಗೆ ಮಳೆ ಆಪ್‌ನ ನೋಟ್‌ಬುಕ್ ಇತ್ತು.

ಬಿಡುಗಡೆಯ ಮುನ್ನಾದಿನದ ಪುಟದಲ್ಲಿ ಅವಳು ಬರೆದಿದ್ದಳು: "ಬೋಪಣ್ಣ ಸರ್ ಶಾರದಕ್ಕನನ್ನು ಕೇಳಿದರು. ಎಲ್ಲಾ ಸರಿ ಇದೆ ಅಂದರು." ಅದರ ಮುಂದೆ ಒಂದು ನಗುಮುಖ ಬರೆದಿದ್ದಳು, ಮಕ್ಕಳು ಬರೆಯುವಂಥದ್ದು. ಕುಶಾಲಪ್ಪ ಬಂದ ದಿನದ ಪುಟದಲ್ಲಿ: "ಶಾರದಕ್ಕನ ಅಪ್ಪ ಯಾವ ದಿನದ ಸಾಲಿಗೆ ಬರೆಯುತ್ತಿದ್ದರು? ಕೇಳಬೇಕು." ಆ ಸಾಲಿನ ಮೇಲೆ ಒಂದು ಗೆರೆ ಎಳೆದಿತ್ತು. ಕೆಳಗೆ ಒಂದೇ ಮಾತು: "ಬೇಡ." ಇನ್ನೂ ಕೆಲವು ಪುಟಗಳಾದ ಮೇಲೆ, ಬೇರೆಯವರ ಮಳೆಯನ್ನು ಮುಚ್ಚಿಡುವ ಸ್ಕ್ರೀನ್‌ನ ಪೆನ್ಸಿಲ್ ಚಿತ್ರ. ಅದರ ಮೂಲೆಯಲ್ಲಿ: "ಶಾರದಕ್ಕನ ಕುರ್ಚಿ."

ಆ ಪುಸ್ತಕವನ್ನು ಎರಡು ತಿಂಗಳು ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಇಟ್ಟೆ. ಬೋಪಣ್ಣ ಫೋನು ಮಾಡಿದ ಮೇಲೆ, ಇದನ್ನು ಬರೆಯುವ ಮೊದಲು ಮಾಡಬೇಕಾದದ್ದು ಒಂದಿದೆ ಎನ್ನಿಸಿತು. ಒಂದು ಶನಿವಾರ, ಸಂತೆಗೆ ಹೊರಟ ಜನದ ನಡುವೆ ಬಸ್ಸಿನಲ್ಲಿ ನಿಂತುಕೊಂಡೇ ಶನಿವಾರಸಂತೆಗೆ ಹೋದೆ.

ಬಶೀರ್ ತಮ್ಮ ಚಪ್ಪಲಿ ಅಂಗಡಿಯ ಬಾಗಿಲು ಅರ್ಧ ಎಳೆದು ನನ್ನನ್ನು ಮನೆಗೆ ಕರೆದುಕೊಂಡು ಹೋದರು. ಪುಸ್ತಕವನ್ನು ಮುಂದಿಟ್ಟು ಎಲ್ಲವನ್ನೂ ಹೇಳಿದೆ. ತಾರೀಕಿನ ತಪ್ಪು ನನಗೆ ಗೊತ್ತಿತ್ತು, ಕೇಳಿದರೂ ಹೇಳಲಿಲ್ಲ, ಅವಳು ಮನೆ ಮನೆಗೆ ಹೋಗಿ ಕ್ಷಮೆ ಕೇಳುವಾಗಲೂ ಹೇಳಲಿಲ್ಲ.

ಅವರು ಪುಸ್ತಕದ ರಟ್ಟನ್ನು ಸವರಿದರು.

"ಅವಳಿಗೆ ಯಾಕೆ ಹೇಳ್ಲಿಲ್ಲ ನೀವು?" ಎಂದರು.

"ಧೈರ್ಯ ಬರ್ಲಿಲ್ಲ."

"ಆ ತಿಂಗಳು ದಿನಾ ರಾತ್ರಿ ಕಾಲು ಬಿಸಿನೀರಲ್ಲಿ ಇಟ್ಕೊಂಡು ಕೂರ್ತಿದ್ಲು. ನಡೆದೂ ನಡೆದೂ." ಅವರು ನನ್ನ ಕಡೆ ನೋಡಲಿಲ್ಲ. "ಪರವಾಗಿಲ್ಲ ಅಂತ ಹೇಳೋಕೆ ನಾನ್ಯಾರು. ಅದು ಅವಳು ಹೇಳ್ಬೇಕಿತ್ತು."

ಅವರು ಎದ್ದು ಹೋಗಿ ಚಹಾ ಮಾಡಿ ತಂದರು. ಲೋಟ ನನ್ನ ಮುಂದಿಟ್ಟು, "ಮನೇಲಿ ನಿಮ್ಮ ಬಗ್ಗೆ ಒಂದು ಕೆಟ್ಟ ಮಾತು ಆಡಿಲ್ಲ ಅವಳು. ಬೆಳಿಗ್ಗೆ ಮಾತ್ರ ಕಷ್ಟ" ಎಂದರು.

"ಯಾಕೆ?"

"ಎದ್ದ ಕೂಡ್ಲೇ ಡಬ್ಬಿ ನೋಡೋದು, ಫೋನಲ್ಲಿ ಬರೆಯೋದು, ನಿಮ್ಮದು ಎಷ್ಟು ಅಂತ ನೋಡೋದು. ನಿಮ್ಮಲ್ಲಿ ಜಾಸ್ತಿ ಬಿದ್ದಿದ್ರೆ ಮುಗೀತು. ಚಾ ತಣ್ಣಗಾಗೋವರೆಗೆ ಮಾತಿಲ್ಲ. 'ಶಾರದಕ್ಕ ಲೋಟ ಸರಿಯಾಗಿ ಹಿಡಿಯಲ್ಲ, ಮೇಲಿಂದ ಓದ್ತಾರೆ' ಅಂತ ನಂಗೆ ಹೇಳೋಳು."

ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಹೊರಡುವಾಗ ಅಂಗಳದಲ್ಲಿ ಅವಳ ಗೇಜ್ ಕಂಡಿತು. ಒಳಗೆ ಒಣಗಿದ ಎಲೆ, ಒಂದು ಜೇಡ. ಬಶೀರ್ ಬಗ್ಗಿ ಎಲೆಯನ್ನು ತೆಗೆದು ಬಿಸಾಡಿ, ಪಂಚೆಯ ಅಂಚಿನಿಂದ ಡಬ್ಬಿಯ ಬಾಯಿ ಒರೆಸಿದರು.

ಹತ್ತು ದಿನ ಬಿಟ್ಟು ಹೂಮಳೆ ಬಂತು. ಬೆಳಿಗ್ಗೆ ಚಹಾ ಲೋಟ ಕಟ್ಟೆಯ ಮೇಲಿಟ್ಟು ಹಿತ್ತಲಿಗೆ ಇಳಿದೆ. ಅಳತೆಯ ಗಾಜನ್ನು ಕಣ್ಣಿನ ಮಟ್ಟಕ್ಕೇ ಹಿಡಿದು ಎರಡು ಸಲ ಓದಿದೆ. ನಲವತ್ತೆರಡು ಸೆಂಟ್. ಫೋನಿನಲ್ಲಿ ಬರೆದೆ. ಅಕ್ಕಪಕ್ಕದವರ ಪಟ್ಟಿ ತೆರೆದುಕೊಂಡಿತು.

ಜಮೀಲಾ, ಶನಿವಾರಸಂತೆ: ಒಂದು ಇಂಚು ಐದು ಸೆಂಟ್.

ಬಶೀರ್‌ಗೆ ಅಭ್ಯಾಸವಿಲ್ಲ, ಗಾಜನ್ನು ಕೆಳಗೆ ಹಿಡಿದು ಮೇಲಿನಿಂದ ಓದಿರಬೇಕು, ಐದು ಸೆಂಟಾದರೂ ಜಾಸ್ತಿ ಹೇಳಿದ್ದಾರೆ ಎಂದುಕೊಂಡೆ. ಆ ಸಾಲನ್ನು ನೋಡುತ್ತ ಕಟ್ಟೆಯ ಮೇಲೆ ಕೂತೆ. ಚಹಾ ತಣ್ಣಗಾಯಿತು.